ಕೋವಿಯ ಗುರಿ, ಕ್ಯಾಮೆರಾದ ಗುರಿ

ಕಳೆದ ಬೇಸಿಗೆ ರಜೆಯಲ್ಲಿ ನಾವು ತಾಳವಾಡಿಯಿಂದ ಹಾಸನೂರಿನ ಮಾರ್ಗವಾಗಿ ದಿಂಬಂಗೆ ಹೊರಟೆವು. ಜೊತೆಯಲ್ಲಿ ಎಂಬತ್ತು ದಾಟಿದ ನಮ್ಮ ಸೋದರಮಾವನವರು. ಕೊರಳಿಗೆ ಕ್ಯಾಮೆರಾ ತೂಗಹಾಕಿಕೊಂಡ ಅವರ ಮೊಮ್ಮಗ. 1972ರ ವನ್ಯಜೀವಿ ಸಂರಕ್ಷಣಾ ಕಾಯಿದೆ ಬರುವ ಮೊದಲು ಮಾವನವರು ಕೋವಿ ಹಿಡಿದು ಇದೇ ಕಾಡನ್ನು ಸುತ್ತಿದವರು.

ಹಾದಿಯಂಚಿನಲ್ಲಿ ಜಿಂಕೆಗಳ ಹಿಂಡು ಕಂಡಿತು. ಹುಡುಗನು ಉಸಿರು ಬಿಗಿಹಿಡಿದು ಗುಂಡಿ ಒತ್ತಿದನು.

“ಕುದುರೆ ಎಳೆಯುವಾಗ ನನಗೂ ಹೀಗೆಯೇ ಉಸಿರು ನಿಲ್ಲುತ್ತಿತ್ತು ಕಣಪ್ಪ. ಸುಖವೆಲ್ಲ ಆ ಗಳಿಗೆಯದೇ” ಎಂದರು ಮಾವ.

ಹೋಲಿಕೆ ಸುಳ್ಳಲ್ಲ. ಹಕ್ಕಿಯ ಹಾರಾಟವನ್ನು ಸೆರೆಹಿಡಿಯಲು ಫ್ರಾನ್ಸಿನ ವಿಜ್ಞಾನಿ ಮರೇ 1882ರಲ್ಲಿ ರಚಿಸಿದ ಕ್ಯಾಮೆರಾ ಕೋವಿಯ ಆಕಾರದ್ದೇ ಆಗಿತ್ತು. ಸೆಕೆಂಡಿಗೆ 12 ಚಿತ್ರ ತೆಗೆಯುತ್ತಿತ್ತು. ನರಭಕ್ಷಕ ಹುಲಿಗಳನ್ನು ಕೊಂದ ಜಿಮ್ ಕಾರ್ಬೆಟ್ ಎರಡರ ರುಚಿಯನ್ನೂ ಬಲ್ಲವರು. ಬೇಟೆಯ ಕುರುಹಿಗಿಂತ ಒಳ್ಳೆಯ ಛಾಯಾಚಿತ್ರವೇ ಹೆಚ್ಚಿನ ಸಂತೋಷವೆಂದು 1944ರ ತಮ್ಮ ಗ್ರಂಥದಲ್ಲಿ ಅವರು ಬರೆದರು; ಕುರುಹು ಕೊಂದವನೊಬ್ಬನಿಗೆ, ಚಿತ್ರ ಎಲ್ಲರಿಗೆ.

ಅಷ್ಟರಲ್ಲಿ ಹುಡುಗನು ಇನ್ನೂ ಹತ್ತಿರ ಹೋಗಲೆಂದು ಕಾರಿನ ಬಾಗಿಲಿಗೆ ಕೈಯಿಟ್ಟನು. ಮಾವ ಆ ಕೈಯನ್ನು ಹಿಡಿದರು.

“ಮರಿಯಿದೆ, ಬೇಡ ಮಗ. ಬೆದರಿಸಿ ತೆಗೆದ ಪಟವೂ ಬೇಟೆಯೇ.”

ಹಿಂಡು ಸಾವಧಾನವಾಗಿ ಪೊದೆಗಳಾಚೆ ಸರಿಯಿತು. ದಿಂಬಂನಲ್ಲಿ ಕೆಳಗಿನ 27 ತಿರುವುಗಳನ್ನು ನೋಡುತ್ತ ನಿಂತಾಗ ಮಾವ ಮೊಮ್ಮಗನ ಚಿತ್ರವನ್ನು ಕೇಳಿ ಪಡೆದು ಬಹುಹೊತ್ತು ನೋಡಿದರು.

“ನಾನು ಹೊಡೆದ ಜಿಂಕೆಯನ್ನು ಮರುದಿನ ನೋಡಲಾಗಲಿಲ್ಲ. ನಿನ್ನದು ನಾಳೆಯೂ ಅಲ್ಲಿಯೇ ಮೇಯುತ್ತದೆ” ಎಂದರು.

ಮೂವತ್ತು ವರ್ಷ ಪಾಠ ಹೇಳಿದ ನಾವು ಅಂದು ವಿದ್ಯಾರ್ಥಿಯಾಗಿ ಮನೆಗೆ ಮರಳಿದೆವು.