ಮಂತ್ರವಿಲ್ಲದ ಬೀಳ್ಕೊಡುಗೆ

ದೇವರನ್ನು ನಂಬದೆ ಬಾಳಿದ ತಂದೆ ತೀರಿಕೊಂಡಾಗ ಮಕ್ಕಳ ಪಾಡು ಕಠಿನವಾದುದು. ಪುರೋಹಿತರನ್ನು ಕರೆಸಿದರೆ ಹೋದವರಿಗೆ ದ್ರೋಹ. ಕರೆಸದಿದ್ದರೆ ಇರುವವರ ನಿಷ್ಠುರ. ನಿರ್ಧರಿಸಲು ದೊರೆಯುವುದಾದರೋ ಕೆಲವೇ ಗಂಟೆಗಳು.

ದೊಡ್ಡವರ ಮನೆಗೂ ಈ ತೊಡಕು ತಪ್ಪಿದುದಲ್ಲ. ತಮ್ಮ ಮರಣಾನಂತರ ಯಾವ ಧಾರ್ಮಿಕ ವಿಧಿಯೂ ಬೇಡವೆಂದು ಜವಾಹರಲಾಲ್ ನೆಹರೂ 1954ರಲ್ಲಿಯೇ ಉಯಿಲು ಬರೆದಿದ್ದರು. ನಂಬಿಕೆಯಿಲ್ಲದ ವಿಧಿಗೆ ಒಪ್ಪುವುದು ಆತ್ಮವಂಚನೆಯೆಂಬುದು ಅವರ ನಿಲುವು. ಅವರು 1964ರ ಮೇ 27ರಂದು ಕಣ್ಮುಚ್ಚಿದರು. ಮರುದಿನ ಯಮುನೆಯ ದಡದಲ್ಲಿ ಚಿತೆ ಉರಿದುದು ಮಂತ್ರಘೋಷದ ನಡುವೆಯೇ.

ಆದರೆ ಅದೇ ಉಯಿಲಿನ ಇನ್ನೊಂದು ಕೋರಿಕೆ ನೆರವೇರಿತು. ಬಾಲ್ಯದಿಂದಲೂ ಒಲಿದಿದ್ದ ಗಂಗೆಗೆ ಒಂದು ಹಿಡಿ ಚಿತಾಭಸ್ಮ. ಉಳಿದುದರಲ್ಲಿ ಹೆಚ್ಚಿನ ಪಾಲು, ರೈತರು ದುಡಿಯುವ ಹೊಲಗಳ ಮೇಲೆ ವಿಮಾನದಿಂದ. ‘ಬೇಡ’ ಎಂದುದನ್ನು ಉಳಿದವರು ಪಾಲಿಸಲಾರದೆ ಹೋದರು. ‘ಹೀಗೆ ಮಾಡಿ’ ಎಂದುದನ್ನು ನಡೆಸಿಕೊಟ್ಟರು.

ಇದರಲ್ಲಿ ಒಂದು ಮರ್ಮವಿದೆ. ದುಃಖ ಸುಮ್ಮನೆ ಕುಳಿತಿರಲಾರದು. ಅದಕ್ಕೆ ಕೈಗೊಂದು ಕೆಲಸ ಬೇಕು. ಬಾಯಿಗೆ ಅಕ್ಕಿಕಾಳು ಹಾಕುವುದು, ನೀರಿನ ಮಡಕೆ ಹೊತ್ತು ಸುತ್ತುವರಿಯುವುದು, ಹದಿಮೂರನೆಯ ದಿನ ಎಲೆಹಾಕಿ ಬಡಿಸುವುದು—ಹಳೆಯ ವಿಧಿಗಳು ಈ ಕೆಲಸವನ್ನು ಒದಗಿಸುತ್ತಿದ್ದುವು. ಅವುಗಳನ್ನು ತೆಗೆದು ಆ ಸ್ಥಳವನ್ನು ಬರಿದಾಗಿ ಬಿಟ್ಟರೆ, ಕರೆಯದಿದ್ದರೂ ಪುರೋಹಿತರು ಬಂದೇ ಬರುತ್ತಾರೆ.

ಆ ಸ್ಥಳವನ್ನು ತುಂಬುವ ದಾರಿಗಳು ಹಲವು. 2010ರಲ್ಲಿ ನಿಧನರಾದ ಜ್ಯೋತಿ ಬಸು ಅವರ ದೇಹ, ಅವರ ಇಚ್ಛೆಯಂತೆಯೇ, ವೈದ್ಯ ವಿದ್ಯಾರ್ಥಿಗಳ ಅಭ್ಯಾಸಕ್ಕೆ ಸಂದಿತು. ಸಾಮಾನ್ಯ ಗೃಹಸ್ಥನಿಗೂ ಈ ದಾರಿ ತೆರೆದಿದೆ. ಆದರೆ ದಾನಪತ್ರಕ್ಕೆ ಸಹಿ ಹಾಕಿದರೆ ಸಾಲದು. ಮನೆಯವರೂ ಮನಸಾ ಒಪ್ಪಿರಬೇಕು. ಇನ್ನು ಹದಿಮೂರನೆಯ ದಿನ ಸ್ನೇಹಿತರು ಸೇರಿ, ಹೋದವರ ಕಾಗದಗಳನ್ನು ಓದಬಹುದು. ಅವರು ಮೆಚ್ಚಿದ ಹಾಡನ್ನು ಹಾಡಬಹುದು. ಅವರಿಗೆ ಪ್ರಿಯವಾದ ಅಡುಗೆಯನ್ನೇ ಬಡಿಸಬಹುದು. ಸಂಪ್ರದಾಯಸ್ಥಳಾದ ಸೋದರತ್ತೆ ಮುನಿಸಿಕೊಂಡಿದ್ದರೆ, ಒಡಹುಟ್ಟಿದವನ ಬಾಲ್ಯವನ್ನು ಹೇಳಲು ಆಕೆಯನ್ನೇ ಮೊದಲು ಕೇಳಿಕೊಳ್ಳಬೇಕು. ಅದನ್ನು ಬಲ್ಲವರು ಬೇರಾರೂ ಇರಲಾರರು. ಆಕೆ ತನ್ನ ಮನೆಯಲ್ಲಿ ದೀಪ ಹಚ್ಚಿ ಕೈಮುಗಿದರೆ ಅದಕ್ಕೆ ಅಡ್ಡಿಯೇಕೆ? ತಂದೆಯ ನಾಸ್ತಿಕತೆಗೆ ಸಲ್ಲುವ ಗೌರವ ಆಕೆಯ ಭಕ್ತಿಗೂ ಸಲ್ಲಬೇಕು.

ಇವೆಲ್ಲವೂ ಕೂಡಿಬರಬೇಕಾದರೆ ತಂದೆ ಬದುಕಿರುವಾಗಲೇ ಮಾತಾಗಬೇಕು. ಅಶುಭವೆಂದು ಮಕ್ಕಳು ಕೇಳುವುದಿಲ್ಲ. ನೊಂದಾರೆಂದು ತಂದೆ ಹೇಳುವುದಿಲ್ಲ. ಒಂದು ಸಂಜೆ ಕಾಫಿಯ ಹೊತ್ತಿಗೆ, “ಅಪ್ಪ, ನಿಮಗೆ ಯಾವುದು ಬೇಡವೆಂದು ಬಲ್ಲೆವು; ಯಾವುದು ಬೇಕು, ಹೇಳಿ” ಎಂದು ಕೇಳುವ ಧೈರ್ಯವೇ ಮಕ್ಕಳು ಮಾಡಬಹುದಾದ ಮೊದಲ ಸೇವೆ.