ಜೇವರ್ಗಿಯ ಹಳ್ಳವೂ ಹಿತ್ತಲ ತೊಟ್ಟಿಯೂ

ಕಲಬುರಗಿಯಿಂದ ದಕ್ಷಿಣಕ್ಕೆ ಹೊರಟು ಕಟ್ಟಿಸಂಗಾವಿಯ ಬಳಿ ಭೀಮೆಯನ್ನು ದಾಟಿದ ಪ್ರಯಾಣಿಕನಿಗೆ ಜೇವರ್ಗಿಯ ಎರೆಭೂಮಿಯು ಎದುರಾಗುವುದು. ಬೇಸಗೆಯಲ್ಲಿ ಬಾಯ್ಬಿರಿದ ಈ ನೆಲದಲ್ಲಿ ಕಪ್ಪೆಗಳಿವೆಯೆಂದರೆ ಯಾರು ನಂಬುವರು? ಅವು ಮಣ್ಣಿನಾಳದ ತೇವದಲ್ಲಿ ಮಲಗಿರುತ್ತವೆ. ಮೃಗಶಿರೆಯ ಮಳೆ ಬಿದ್ದ ರಾತ್ರಿ ಹಳದಿ ಬಣ್ಣ ತಳೆದ ದೊಡ್ಡ ಗಂಡುಕಪ್ಪೆಗಳು ಹಳ್ಳದಂಚಿನಲ್ಲಿ ಕೂಗತೊಡಗುವುವು.

ಆ ಅಂಚನ್ನು ವಾಚಕರು ಗಮನಿಸಬೇಕು. ಆಳದಲ್ಲಿ ಮೀನು, ಜೊಂಡಿನ ನಡುವಣ ತೆಳುನೀರಿನಲ್ಲಿ ಗೊದಮೊಟ್ಟೆ, ಮೇಲೆ ಹಸಿಮಣ್ಣು. ಮೂರೂ ಇಳಿಜಾರಾಗಿ ಕೂಡಿರುವುವು.

ಹಿತ್ತಲಲ್ಲಿಯೂ ಇದನ್ನೇ ರಚಿಸಬಹುದು. ಈ ಜಿಲ್ಲೆಯದೇ ಆದ ಶಹಾಬಾದಿನ ಚಪ್ಪಡಿಗಳಿಂದ ತೊಟ್ಟಿ ಕಟ್ಟಿ, ಒಂದು ಮಗ್ಗುಲಿಗೆ ಕಲ್ಲುಮಣ್ಣು ಪೇರಿಸಿ, ನೀರಿಗಿಳಿಯುವಂತೆ ಓರೆಮಾಡಿ, ಬಜೆ, ಒಂದೆಲಗಗಳನ್ನು ನೆಡಬೇಕು. ಓರೆಯಿಲ್ಲದಿದ್ದರೆ ಬಿದ್ದ ಕಪ್ಪೆ ಹತ್ತಲಾರದೆ ಸಾಯುವುದು. ಮೀನು ಸೊಳ್ಳೆಯ ಮರಿಗಳನ್ನು ತಿಂದು ಉಪಕರಿಸುವುದು ನಿಜ. ಆದರೆ ಗೊದಮೊಟ್ಟೆಗಳನ್ನೂ ಬಿಡದು. ಆದುದರಿಂದ ಆಳಕ್ಕೂ ತೆಳುನೀರಿಗೂ ನಡುವೆ ಒತ್ತಾಗಿ ಕಲ್ಲು ಜೋಡಿಸಿ, ಸಂದಿನಲ್ಲಿ ನೀರು ಮಾತ್ರ ಸುಳಿಯುವಂತಿರಬೇಕು.

ಕಪ್ಪೆಯನ್ನು ಹಿಡಿದು ತರಲಾಗದು. 1972ರ ವನ್ಯಜೀವಿ ಸಂರಕ್ಷಣಾ ಕಾಯಿದೆಯು ಈ ದೊಡ್ಡ ಕಪ್ಪೆಗೆ ರಕ್ಷಣೆಯಿತ್ತಿದೆ. ಸಮೀಪದ ಹಳ್ಳದಲ್ಲಿದ್ದರೆ ಮಳೆಗಾಲದಲ್ಲಿ ತಾನಾಗಿಯೇ ಬಂದೀತು. ಹಳ್ಳವನ್ನೇ ಮುಚ್ಚಿದ ಊರಲ್ಲಿ ಎಷ್ಟು ಚೆಲುವಾದ ತೊಟ್ಟಿ ಕಟ್ಟಿದರೂ ಅದು ಬರುವುದಾದರೂ ಎಲ್ಲಿಂದ?