ಹಳಿಗಳ ಮರೆಯಲ್ಲಿದ್ದ ಜಲಪಾತ

ಅಮೆರಿಕದ ವಾಷಿಂಗ್ಟನ್ ರಾಜ್ಯದ ಪೂರ್ವಭಾಗದಲ್ಲಿರುವ ಸ್ಪೋಕೇನ್ ನಗರವು ಅದೇ ಹೆಸರಿನ ನದಿಯ ಜಲಪಾತವನ್ನು ನೆಚ್ಚಿ ಬೆಳೆದ ಊರಾಗಿದ್ದು, 1891ರವರೆಗೆ ಅದರ ಹೆಸರು ಸ್ಪೋಕೇನ್ ಫಾಲ್ಸ್ ಎಂದೇ ಇತ್ತು. ಹೀಗಿದ್ದರೂ ಇಪ್ಪತ್ತನೆಯ ಶತಮಾನದ ಬಹುಕಾಲ ಪೇಟೆಯಲ್ಲಿ ಓಡಾಡುವವರಿಗೆ ಆ ಜಲಪಾತ ಸರಿಯಾಗಿ ಕಾಣುತ್ತಲೇ ಇರಲಿಲ್ಲ. 1881ರಲ್ಲಿ ಮೊದಲ ರೈಲು ಬಂದುದೇ ತಡ, ಒಂದರ ಹಿಂದೊಂದರಂತೆ ಬಂದ ರೈಲು ಕಂಪನಿಗಳು ನದಿಯ ನಡುವಿನ ಹೇವರ್ಮೇಲ್ ದ್ವೀಪವನ್ನೂ ಅದರ ಎದುರಿನ ದಂಡೆಯನ್ನೂ ನಿಲ್ದಾಣ, ಗೋದಾಮು ಮತ್ತು ಎತ್ತರದ ಉಕ್ಕಿನ ಹಳಿಸೇತುವೆಗಳಿಂದ ತುಂಬಿಬಿಟ್ಟವು. ಉದ್ಯಾನಗಳ ವಿನ್ಯಾಸಕ್ಕೆ ಹೆಸರಾಗಿದ್ದ ಓಲ್ಮ್‌ಸ್ಟೆಡ್ ಸೋದರರ ಸಂಸ್ಥೆಯು 1913ರಲ್ಲಿ ಪ್ರಕಟವಾದ ವರದಿಯಲ್ಲಿ ಜಲಪಾತದ ಕಣಿವೆಯನ್ನು ಸಾರ್ವಜನಿಕರಿಗಾಗಿ ಉಳಿಸಿಕೊಳ್ಳುವಂತೆ ಸಲಹೆಯಿತ್ತಿತ್ತು. ರೈಲಿನಿಂದ ಬರುತ್ತಿದ್ದ ವರಮಾನದ ಮುಂದೆ ಆ ಸಲಹೆಗೆ ಬೆಲೆ ಬರಲಿಲ್ಲ.

ಹಳಿಗಳನ್ನು ಕಿತ್ತುಹಾಕಲು ಕೊನೆಗೆ ನೆಪವಾಗಿ ಒದಗಿದ್ದು ಒಂದು ಎಕ್ಸ್‌ಪೋ, ಅಂದರೆ ಹಲವು ದೇಶಗಳು ಮಂಟಪಗಳನ್ನು ಕಟ್ಟಿ ತಿಂಗಳುಗಟ್ಟಲೆ ನಡೆಸುವ ವಿಶ್ವ ಪ್ರದರ್ಶನ. ಕಿಂಗ್ ಕೋಲ್ ಎಂಬ ಸಂಘಟಕರ ಮುಂದಾಳುತನದಲ್ಲಿ ನಗರದ ಪ್ರಮುಖರು ರೈಲು ಕಂಪನಿಗಳ ಮನವೊಲಿಸಿ ನದಿದಂಡೆಯ ಜಾಗವನ್ನು ಬಿಡಿಸಿಕೊಂಡರು. 1974ರ ಮೇ 4ರಂದು ಅಧ್ಯಕ್ಷ ನಿಕ್ಸನ್ ಉದ್ಘಾಟಿಸಿದ ಈ ಪ್ರದರ್ಶನವು ಪರಿಸರವನ್ನೇ ವಿಷಯವಾಗಿಸಿಕೊಂಡ ಮೊದಲ ವಿಶ್ವ ಪ್ರದರ್ಶನವೆನಿಸಿತು. ನಮ್ಮ ಶಾಲೆಗಳಲ್ಲೂ ಸಸಿ ನೆಟ್ಟು ಆಚರಿಸುವ ವಿಶ್ವ ಪರಿಸರ ದಿನಕ್ಕೆ ಆ ವರ್ಷ ಆತಿಥ್ಯ ನೀಡಿದ್ದೂ ಇದೇ ಊರು. ನಿಜ ಹೇಳಬೇಕೆಂದರೆ ಸಂಘಟಕರಿಗೆ ಮೊದಲು ಬೇಕಾಗಿದ್ದದ್ದು ಸೊರಗಿದ್ದ ಪೇಟೆಗೆ ಜೀವ ತುಂಬುವುದು. ಪರಿಸರದ ಘೋಷಣೆ ಸೇರಿಕೊಂಡದ್ದು ಅನಂತರ. ಆದರೆ ಎಷ್ಟೋ ವಿಶ್ವ ಪ್ರದರ್ಶನಗಳು ಖಾಲಿ ಮಂಟಪಗಳನ್ನು ಉಳಿಸಿ ಹೋಗಿರುವಾಗ, ಇದು ಸುಮಾರು 100 ಎಕರೆಯ ರಿವರ್‌ಫ್ರಂಟ್ ಪಾರ್ಕನ್ನು ಉಳಿಸಿಹೋಯಿತು ಎಂಬುದನ್ನು ಮರೆಯಲಾಗದು.

ರೈಲಿನ ಕಾಲದ ಕುರುಹಾಗಿ ಇಲ್ಲಿ ಉಳಿದಿರುವ ಮುಖ್ಯ ವಸ್ತುವೆಂದರೆ 1902ರ ಗ್ರೇಟ್ ನಾರ್ದರ್ನ್ ನಿಲ್ದಾಣದ 155 ಅಡಿ ಎತ್ತರದ ಗಡಿಯಾರ ಗೋಪುರ. ನಿಲ್ದಾಣವನ್ನು ಕೆಡವಿದಾಗ ಗೋಪುರವನ್ನು ಮಾತ್ರ ಹಾಗೆಯೇ ಬಿಟ್ಟುಕೊಳ್ಳಲಾಯಿತು. ಪ್ರದರ್ಶನದ ಕಾಲದ ಅಮೆರಿಕನ್ ಮಂಟಪದ ಹೊದಿಕೆ ಎಂದೋ ಹೋಗಿದ್ದು, ಉಕ್ಕಿನ ಹಗ್ಗಗಳ ಬಲೆಯಷ್ಟೇ ಆಕಾಶಕ್ಕೆ ಚಾಚಿ ನಿಂತಿದೆ. ಅದೇ ಕಾಲದ್ದಾದ, ಸಿಸ್ಟರ್ ಪಾಲಾ ಟರ್ನ್‌ಬುಲ್ ಎಂಬ ಕ್ರೈಸ್ತ ಸನ್ಯಾಸಿನಿ ರೂಪಿಸಿದ ಉಕ್ಕಿನ ಮೇಕೆಯೊಂದು ಬಾಯಿಯ ಬಳಿ ಹಿಡಿದ ಕಸವನ್ನು ಗಾಳಿಯ ಸೆಳೆತದಿಂದ ಒಳಗೆಳೆದುಕೊಳ್ಳುತ್ತದೆ. ಪರಿಸರದ ಬಗ್ಗೆ ಅಲ್ಲಿ ನಡೆದ ಭಾಷಣಗಳಿಗಿಂತ ಈ ಮೇಕೆಯೇ ಮಕ್ಕಳಿಗೆ ಹೆಚ್ಚು ಕಲಿಸಿದ್ದಿರಬೇಕು.

ಎಲ್ಲಕ್ಕಿಂತ ಸೊಗಸಾದದ್ದು ಪ್ರದರ್ಶನಕ್ಕಿಂತಲೂ ಬಹಳ ಹಳೆಯದಾದ ಲೂಫ್ ಕ್ಯಾರೊಸೆಲ್. ಕೆತ್ತಿದ ಮರದ ಪ್ರಾಣಿಗಳ ಬೆನ್ನೇರಿ ಸುತ್ತು ಹಾಕುವ ಈ ತಿರುಗುವ ಆಟದ ಯಂತ್ರವನ್ನು ಚಾರ್ಲ್ಸ್ ಲೂಫ್ ಎಂಬ ಕುಶಲಕರ್ಮಿ 1909ರಲ್ಲಿ ಮಗಳ ಮದುವೆಯ ಉಡುಗೊರೆಯಾಗಿ ಕೊಟ್ಟನೆಂದು ಹೇಳಲಾಗುತ್ತದೆ. ನಗರದ ಬೇರೊಂದು ವಿಹಾರತಾಣದಲ್ಲಿ 1968ರವರೆಗೆ ಇದ್ದ ಅದನ್ನು 1975ರಲ್ಲಿ ಇಲ್ಲಿಗೆ ತರಲಾಯಿತು. 54 ಕುದುರೆಗಳ ನಡುವೆ ಒಂದು ಜಿರಾಫೆ, ಒಂದು ಹುಲಿ ಮತ್ತು ಡ್ರ್ಯಾಗನ್ ಆಕಾರದ ಎರಡು ಆಸನಗಳಿರುವ ಈ ಯಂತ್ರ ಸುತ್ತುತ್ತಿರುವಾಗಲೇ ಸವಾರರು ಕೈಚಾಚಿ ಉಂಗುರಗಳನ್ನು ಕೀಳುತ್ತಾರೆ. ಹಿತ್ತಾಳೆಯ ಉಂಗುರ ಸಿಕ್ಕವರಿಗೆ ಇನ್ನೊಂದು ಸುತ್ತು ಉಚಿತ.

ಈ ಆಕರ್ಷಣೆಗಳ ನಡುವೆ ನದಿಯ ಮೂಲನಿವಾಸಿಗಳಾದ ಸ್ಪೋಕೇನ್ ಬುಡಕಟ್ಟಿನವರನ್ನು ಉದ್ಯಾನ ಬಹುಕಾಲ ಮರೆತೇ ಇತ್ತು. ಜಲಪಾತದ ಬುಡದಲ್ಲಿ ಸಾಲ್ಮನ್ ಮೀನು ಹಿಡಿದು ಬದುಕುತ್ತಿದ್ದ ಅವರ ಜೀವನಕ್ರಮವನ್ನು, ನದಿಯ ಕೆಳಹರಿವಿನಲ್ಲಿ 1911ರಿಂದಾಚೆಗೆ ಎದ್ದ ಅಣೆಕಟ್ಟುಗಳು ಮೀನಿನ ದಾರಿ ಕಟ್ಟಿ ಮುಗಿಸಿದವು. ಇಲ್ಲಿನ ಕೆನಡಾ ದ್ವೀಪಕ್ಕೆ ಈಚೆಗೆ ಆ ಬುಡಕಟ್ಟಿನ ಭಾಷೆಯ ಹೆಸರನ್ನಿಡಲಾಗಿದೆ. ತಡವಾದರೂ ಅದು ಆಗಬೇಕಾದ ಕೆಲಸವೇ ಆಗಿತ್ತು.

ಜಲಪಾತವನ್ನೇ ನೋಡಬೇಕೆಂದು ಹೋಗುವವರು ಬೆಟ್ಟಗಳ ಹಿಮ ಕರಗಿ ನದಿ ತುಂಬಿ ಧುಮುಕುವ ಏಪ್ರಿಲ್, ಮೇ ತಿಂಗಳುಗಳನ್ನು ಆರಿಸಿಕೊಳ್ಳುವುದು ಒಳಿತು. ಆಗಸ್ಟ್ ಹೊತ್ತಿಗೆ ಅಲ್ಲಿ ನೀರಿಗಿಂತ ಬಂಡೆಗಳೇ ಹೆಚ್ಚು ಕಾಣುತ್ತವೆ.